ಕೈ ಬಿಟ್ಟಿದ್ದೀರಿ

“ಕೈ ಬಿಟ್ಟಿದ್ದೀರಿ. ದಯವಿಟ್ಟು ಕೈ ಹಿಡಿಯಿರಿ” ಎಂದು ಕಾರು ಮತ್ತೆ ಹೇಳಿತು. ನಾನು ಎರಡೂ ಕೈಗಳಿಂದ ಸ್ಟೀರಿಂಗನ್ನು ಭದ್ರವಾಗಿ ಹಿಡಿದೇ ಇದ್ದೆ.

ಈಗಿನ ಕಾನೂನಿನಂತೆ, ಒಡೆಯರು ತೀರಿಕೊಂಡ ಮೇಲೆ ಕಾರು ಯಾರ ಕೈಯನ್ನು ಒಪ್ಪುತ್ತದೋ ಅವರಿಗೇ ಸೇರುತ್ತದೆ. ಯಾರನ್ನೂ ಒಪ್ಪದಿದ್ದರೆ ಇದ್ದ ಮನೆಯಲ್ಲೇ ಉಳಿಯುತ್ತದೆ. ನನ್ನ ಹೆಂಡತಿ ಅಂಬುಜಾಕ್ಷಿಯ ಕಾರಿಗೂ ಇಂದು ಅದೇ ಪರೀಕ್ಷೆ.

“ಹಿಡಿದೇ ಇದೀನಲ್ಲಪ್ಪ!” ಎಂದೆ.

“ಅದು ಕಾರಿಗೆ ಗೊತ್ತಾಗ್ಬೇಕು, ಯಜಮಾನ್ರೇ” ಎಂದ ಹಿಂದೆ ಕುಳಿತಿದ್ದ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್. “ನಿಲ್ಸಿ, ಪಕ್ಕದ ಸೀಟಿಗೆ ಬನ್ನಿ. ನಿಮ್ಮ ನಾದಿನಿ ಓಡಿಸ್ಲಿ.”

ಸರಸಿಜ ಓಡಿಸಿದಳು. ಅಕ್ಕನಂತೆಯೇ ಅವಳ ಬೆರಳುಗಳು ಸ್ಟೀರಿಂಗಿನ ಮೇಲೆ ದೇವರನಾಮದ ತಾಳ ಹಾಕುತ್ತಿದ್ದವು. ಕಾರು ಸೊಲ್ಲೆತ್ತಲಿಲ್ಲ. ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ಅಗ್ನಿಸಾಕ್ಷಿಯಾಗಿ ಕೈ ಹಿಡಿದವನು ನಾನು. ಕಾರಿಗೆ ಬೇಕಾದವಳು ಇವಳು! ದೇವರೇ, ಇವಳಿಗೂ ಒಂದು ಸಲ ಹಾಗೆ ಹೇಳಿಸು ಎಂದು, ಅಂಥ ಪ್ರಾರ್ಥನೆ ಪಾಪವೆಂದು ತಿಳಿದೂ ಬೇಡಿಕೊಂಡೆ.

ಸರಸಿಜ ನನ್ನ ಮುಖ ನೋಡಿದಳು. ಇನ್ಸ್‌ಪೆಕ್ಟರ್ ಫೋನಿನಲ್ಲಿ ಮುಳುಗಿದ್ದ. ಅವಳು ಮೆಲ್ಲಗೆ ಎರಡೂ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಾರು ರಸ್ತೆಯ ಗೆರೆ ತಪ್ಪದೆ ತಾನೇ ಸಾಗಿತು.

“ಕೈ ಬಿಟ್ಟಿದ್ದೀರಿ” ಎಂದಿತು.

“ಅಯ್ಯೋ, ನನ್ನನ್ನೂ ಒಪ್ಪಲಿಲ್ಲ ನೋಡಿ ಭಾವ! ಇನ್ನು ನೀವೇ ಇಟ್ಕೊಳ್ಳಿ” ಎಂದಳು.

ಪಗಡೆಯಾಟದಲ್ಲಿ ನಾನು ಮುನಿಸಿಕೊಂಡರೆ ಅಂಬುಜಾಕ್ಷಿಯೂ ಹೀಗೆಯೇ ಬೇಕೆಂದು ಸೋಲುತ್ತಿದ್ದಳು. ಕಾರು ನನಗೆ ಉಳಿಯಿತು. ಅಕ್ಕನ ಆ ಗುಣವೂ ಇವಳ ಪಾಲಿಗೇ ಹೋಯಿತಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.