ದೇವಿಗೆ ತಂದ ಸೀರೆ

ಫ್ಯಾಷನ್ ಸೀರೆಗಳ ದೊಡ್ಡ ಕಂಪನಿಯ ಯಜಮಾನರಾದ ವಿರೂಪಾಕ್ಷಪ್ಪನವರು ಶುಕ್ರವಾರದ ಅಲಂಕಾರಕ್ಕೆಂದು ದೇವಿಗೆ ತಟ್ಟೆಯಲ್ಲಿ ಸೀರೆ ತಂದಿದ್ದರು. ಅಂದು ದೇವಿ ತಮ್ಮ ಹರಕೆಯ ಸೀರೆಯನ್ನೇ ಉಡಬೇಕೆಂಬುದು ಅವರ ಆಸೆ. ಆದರೆ ಅರ್ಚಕ ಭಟ್ಟರು ತಟ್ಟೆಗೆ ಕೈ ಚಾಚಲಿಲ್ಲ.

“ಪ್ಲಾಸ್ಟಿಕ್ ನೂಲು ಬಿಡಿ, ರೈತರ ಹತ್ರ ಹತ್ತಿ ಕೊಳ್ಳಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೀತು, ಯಜಮಾನ್ರೇ.”

“ಜನಕ್ಕೆ ಬೇಕಿರೋದು ಮಿಂಚು, ಭಟ್ರೇ. ನೂಲು ಯಾವುದು ಅಂತ ಯಾರು ಕೇಳ್ತಾರೆ?”

“ದೇವಿ ಕೇಳ್ತಾಳೆ. ಆರತಿಯ ಕಿಡಿ ತಾಗಿದ್ರೆ ಕರಗಿ ಮೈಗೆ ಅಂಟ್ಕೊಳ್ಳೋ ಸೀರೇನ ಗರ್ಭಗುಡಿಯೊಳಗೆ ಬಿಡಲ್ಲ ನಾನು.”

ಯಜಮಾನರಿಗೆ ನೋವಾಯಿತು. “ನನ್ನನ್ನ ಏನಂದ್ಕೊಂಡ್ರಿ? ನೇಕಾರರ ಮನೇಲಿ ಎದುರಿಗೇ ಕೂತು ನೇಯಿಸಿದ ಅಪ್ಪಟ ಹತ್ತಿ ಸೀರೆ ಇದು. ಮುಟ್ಟಿ ನೋಡಿ.”

ಭಟ್ಟರು ಮುಟ್ಟಿ ನೋಡಿದರು. ಸೀರೆ ಹೂವಿನಷ್ಟು ಮೆತ್ತಗಿತ್ತು. ಅವರ ಮುಖ ಅರಳಿತು.

“ಅಂತೂ ನನ್ನ ಮಾತು ಕೇಳಿದ್ರಲ್ಲ! ನಾಳೆನೇ ಅಂಗಡಿಗೆ ಬರ್ತೀನಿ. ನಮ್ಮನೆಯವಳಿಗೂ ಇಂಥದ್ದೊಂದು ಎತ್ತಿಡಿ.”

ಯಜಮಾನರು ಗಾಬರಿಯಿಂದ ಎರಡೂ ಕೆನ್ನೆ ಬಡಿದುಕೊಂಡರು.

“ಶಿವ ಶಿವಾ! ದೇವರಿಗೆ ಯಾರಾದ್ರೂ ನಮ್ಮ ಅಂಗಡಿ ಸೀರೆ ತರ್ತಾರಾ, ಭಟ್ರೇ?”