ಮಂಚದೆತ್ತರದ ಪಾತಿ

"ಇಂದ್ರೀ, ಬಾರವ್ವ ಇಲ್ಲಿ! ಕುಂಬಳದ ಮೊಳಕೆ ಬಂದದೆ!"

ಮಾವ ಚಾಮಯ್ಯನ ಕೂಗು ಕೇಳಿ ಇಂದ್ರಮ್ಮ ಒಲೆ ಬಿಟ್ಟು ಹಿತ್ತಿಲಿಗೆ ಓಡಿಬಂದಳು. ಗಂಡ ಕಾಳಯ್ಯನೂ ಹಿಂದೆಯೇ ಬಂದ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಚಾಮಯ್ಯ ಗೋಡೆಗೆ ಮುಖಮಾಡಿ ಮಲಗಿ, "ನನ್ನ ಬೇಗ ಕರ್ಕೊಳಪ್ಪ ಮಾದಪ್ಪ" ಎಂದು ಬೇಡುವುದನ್ನಷ್ಟೇ ಆ ಮನೆ ಕೇಳಿತ್ತು.

ಇಂದ್ರಮ್ಮ ಮಾವನ ಮಂಚವನ್ನು ಹಿತ್ತಿಲಿಗೆ ಹಾಕಿಸಿ, ಪಕ್ಕದಲ್ಲೇ ಒಡೆದ ಇಟ್ಟಿಗೆ ಜೋಡಿಸಿ, ಕೆರೆಮಣ್ಣು ಹೊತ್ತು ತಂದು, ಮಂಚದಷ್ಟೇ ಎತ್ತರಕ್ಕೆ ಪಾತಿ ಕಟ್ಟಿದ್ದಳು. ಬಗ್ಗದೆಯೇ ಅವನ ಕೈಗೆ ಮಣ್ಣು ಎಟುಕಲಿ ಎಂದು. ಅಶೋಕಪುರಂನ ಆ ಇಕ್ಕಟ್ಟು ಹಿತ್ತಿಲಲ್ಲಿ ಇದೇನು ಹುಚ್ಚು ಎಂದು ಕಾಳಯ್ಯ ರೇಗಿದ್ದ. ಆದರೂ ಅವಳು ಬೀಜಗಳನ್ನು ಮಾವನ ಎಡಗೈಗೆ ಕೊಟ್ಟು ಊರಿಸಿದ್ದಳು.

ಈಗ ಚಾಮಯ್ಯ ತಾನೇ ಎದ್ದು ಮಂಚದ ಅಂಚಿನಲ್ಲಿ ಕೂತಿದ್ದ. ಬೀಜದ ಸಿಪ್ಪೆಯನ್ನು ಇನ್ನೂ ತಲೆಯ ಮೇಲೆ ಹೊತ್ತಿದ್ದ ಮೊಳಕೆಯ ಸುತ್ತ, ಎಡಗೈ ಬೆರಳಿನಿಂದ ಮಣ್ಣು ಸಡಿಲಿಸುತ್ತಿದ್ದ.

"ಕಾಯಿ ಯಾವಾಗ ಕುಯ್ಯೋದು ಮಾವ?" ಎಂದಳು ಇಂದ್ರಮ್ಮ.

"ದಸರಾ ಹೊತ್ಗೆ ಕಣವ್ವ. ಅಲ್ಲೀಗಂಟ ನಾನೇ ಕಾಯ್ತೀನಿ."

ಕಾಳಯ್ಯ ಹೆಂಡತಿಯನ್ನು ಕಣ್ತುಂಬ ನೋಡಿದ. "ನೀರು ನಾನು ತತ್ತೀನಿ, ನೀನು ಅಪ್ಪನ ಹತ್ರ ಇರು" ಎಂದು ಬಿಂದಿಗೆ ಎತ್ತಿಕೊಂಡ.