ಹೆಬ್ಬೂರಿನ ತೊಟ್ಟಿಲು

ಅನಂತರಾಜು ತೊಟ್ಟಿಲನ್ನು ಒಂದು ಸಲ ತೂಗಿದ್ದೇ ತಡ, ಬಾಗಿಲಲ್ಲಿದ್ದ ಕರಿಬಸಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಬಂದು ಸರಪಳಿ ಹಿಡಿದು ನಿಲ್ಲಿಸಿದಳು.

"ಖಾಲಿ ತೊಟ್ಲು ತೂಗ್ತಾರೇನಪ್ಪಾ? ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

ಗುಬ್ಬಿಯ ಇತಿಹಾಸ ಸಂಘದ ಮ್ಯೂಸಿಯಂ ಎಂದರೆ ಹಳೇ ಕೊಬ್ಬರಿ ಗೋಡೌನಿನ ಒಂದು ಹಜಾರ. ಅನಂತರಾಜು ಅದರ ಕಾರ್ಯದರ್ಶಿ. ಬಾಗಿಲು ತೆಗೆಯುವವನು, ಕಸ ಹೊಡೆಯುವವನು, ವಿವರಿಸುವವನು ಎಲ್ಲಾ ಅವನೇ. ಯಾರೋ ದಂಪತಿ ಅಪರೂಪಕ್ಕೆ ಬಂದಿದ್ದರೆಂಬ ಉತ್ಸಾಹದಲ್ಲಿ ತೂಗಿ ತೋರಿಸುತ್ತಿದ್ದ. 'ಮುಟ್ಟಬೇಡಿ' ಎಂದು ಬೋರ್ಡು ಬರೆದು ಹಾಕಿದವನೂ ಅವನೇ, ಅದು ತನಗಲ್ಲ ಎಂದುಕೊಂಡವನೂ ಅವನೇ. ದಂಪತಿ ಮೆಲ್ಲಗೆ ವೀರಗಲ್ಲಿನ ಕಡೆಗೆ ಜಾರಿಕೊಂಡರು.

ಆ ಬೀಟೆಮರದ ತೊಟ್ಟಿಲನ್ನು ಎರಡು ವರ್ಷದ ಹಿಂದೆ ಹೆಬ್ಬೂರಿನಿಂದ ಲಗೇಜ್ ಆಟೋದಲ್ಲಿ ತಂದುಕೊಟ್ಟವಳು ಕರಿಬಸಮ್ಮನೇ. ಯಾಕೆ ಕೊಡುತ್ತಿದ್ದೀರಿ ಎಂದು ಅಂದು ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಇಂದು ಸೆರಗಿನ ತುದಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟಿಕೊಂಡು, ತುಮಕೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳು.

"ಮೊದ್ಲು ಬಾಯಿ ತೆಗಿ," ಎಂದು ಅವನ ಬಾಯಿಗೆ ಸಕ್ಕರೆ ಹಾಕಿದಳು. "ಮೊಮ್ಮಗಳು ಮಾಲಿನಿಗೆ ಹೆಣ್ಣು ಕೂಸು. ಎರಡು ಹೊಟ್ಟೇಲೇ ಹೋಗಿದ್ವು, ಇದು ನಿಂತ್ಕೊಳ್ತು. ಭಾನುವಾರ ಹೆಸರಿಡೋದು. ತೊಟ್ಲು ಬೇಕು ಕಣಪ್ಪಾ."

ಬಾಯಲ್ಲಿ ಸಕ್ಕರೆ ಕರಗುತ್ತಿರುವಾಗ ಇಲ್ಲ ಎನ್ನುವುದು ಸುಲಭವಲ್ಲ. ಆದರೆ ಅನಂತರಾಜು ಇಲ್ಲಿಟ್ಟಿದ್ದ ತನ್ನಪ್ಪನ ಅಡಕತ್ತರಿಯನ್ನೇ ತಿಥಿಯ ದಿನ ಮನೆಗೆ ಒಯ್ಯದೆ ಹೆಂಡತಿಯಿಂದ ಬೈಸಿಕೊಂಡ ಮನುಷ್ಯ. ಮ್ಯೂಸಿಯಂ ಸೇರಿದ್ದು ಹೊಸ್ತಿಲು ದಾಟಬಾರದು ಎಂಬುದು ಸಂಘದ ರೂಲು.

"ಕೊಡೋಕಾಗಲ್ಲಮ್ಮ. ನಿಮಗೆ ಕೊಟ್ರೆ ನಾಳೆ ಎಲ್ಲಾರೂ ಕೇಳ್ತಾರೆ."

ಕರಿಬಸಮ್ಮ ಸಿಟ್ಟಾಗಲಿಲ್ಲ. ತೊಟ್ಟಿಲ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಎರಡ್ನೇದೂ ಹೋದಾಗ ಮಾಲಿನಿ ಇದನ್ನ ಸೌದೆಗೆ ಹಾಕು ಅಂದ್ಬುಟ್ಲು. ಅವಳ ಕಣ್ಣೆದುರಿಗೆ ಇಟ್ಕೊಳ್ಳೋ ಹಂಗಿಲ್ಲ, ಸುಡಕ್ಕೆ ನಂಗೆ ಮನಸ್ಸಿಲ್ಲ. ನಮ್ಮ ಬೀದಿ ಕೂಸುಗಳೆಲ್ಲಾ ಇದ್ರಾಗೇ ಮಲಗೆದ್ದಿರೋದು. ಆವತ್ತು ನೀನೊಬ್ಬ ಇಟ್ಕೊಂಡೆ. ನಿನ್ನ ಹೊಟ್ಟೆ ತಣ್ಣಗಿರ್ಲಿ. ಈಗ ಅವಳೇ ಕೇಳ್ತಾವ್ಳೆ, ಅಜ್ಜೀ, ತೊಟ್ಲು ಎಲ್ಲೈತೆ ಅಂತ. ಏನಂತ ಹೇಳ್ಲಿ?"

ಅನಂತರಾಜು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡು ಮತ್ತೆ ತೆಗೆದ. "ನಂಗೂ ಅರ್ಥ ಆಗತ್ತಮ್ಮ. ಆದ್ರೂ ಹೊರಗೆ ಬಿಡೋ ಹಂಗಿಲ್ಲ."

"ತೊಟ್ಲು ಹೊರಕ್ಕೆ ಬಿಡ್ಬ್ಯಾಡ. ಕೂಸ್ನ ಒಳಕ್ಕೆ ಬಿಡು."

"ಮುಟ್ಟಬೇಡಿ ಅಂತ ಬೋರ್ಡ್ ಬೇರೆ ಇದೆ..."

"ಕೂಸಿಗೆ ಓದಕ್ಕೆ ಬರಲ್ಲ ಬುಡು."

ಅನಂತರಾಜು ಯೋಚಿಸಿ ನೋಡಿದ. ಕೂಸು ಒಳಗೆ ಬರಬಾರದೆಂಬ ರೂಲು ಎಲ್ಲೂ ಇರಲಿಲ್ಲ.

ಸಂಘದ ಭಾನುವಾರದ ಉಪನ್ಯಾಸಕ್ಕೆ ಸಾಮಾನ್ಯವಾಗಿ ಬರುವವರು ಮೂವರು, ಅವರಲ್ಲೊಬ್ಬರು ಉಪನ್ಯಾಸಕರು. ಆ ಭಾನುವಾರ ಹೆಬ್ಬೂರಿನಿಂದ ಟೆಂಪೋ ತುಂಬ ಜನ ಬಂದಿಳಿದರು. ಹೆಂಗಸರು ಮೊದಲು ವೀರಗಲ್ಲಿಗೆ ಕುಂಕುಮ ಇಟ್ಟು ಕೈಮುಗಿದರು. ಅಯ್ಯೋ ಎಂದು ಬಾಯಿ ತೆರೆದ ಅನಂತರಾಜು, ಯಾರೋ ಕೋಸಂಬರಿ ಕೈಗಿತ್ತದ್ದರಿಂದ ಸುಮ್ಮನಾದ. ಉಪನ್ಯಾಸಕರು ತಮ್ಮ ಹಾಳೆಗಳನ್ನು ಮಡಿಚಿಟ್ಟು ಪಂಕ್ತಿಗೆ ಚಾಪೆ ಹಾಸತೊಡಗಿದರು.

"ಗುಂಡುಕಲ್ಲು ಎಲ್ಲಪ್ಪಾ? ಮೊದ್ಲು ಕಲ್ಲು ಮಲಗ್ಬೇಕು, ಆಮ್ಯಾಕೆ ಕೂಸು," ಎಂದಳು ಕರಿಬಸಮ್ಮ. ಅನಂತರಾಜು ಮೂಲೆಯ ಒರಳಿನಿಂದ ರುಬ್ಬುಗುಂಡನ್ನು ಎತ್ತಿ, ನಲ್ಲಿಯಲ್ಲಿ ತೊಳೆದು, ತನ್ನ ಶಲ್ಯದಲ್ಲೇ ಒರೆಸಿ ಎರಡೂ ಕೈಯಲ್ಲಿ ತಂದುಕೊಟ್ಟ. ಅದಕ್ಕೆ ಬಟ್ಟೆ ಸುತ್ತಿ ಮಲಗಿಸಿ ತೂಗಿದರು. ಆಮೇಲೆ "ಗುಂಡಪ್ಪನ್ನ ತಗೋ, ಗೌರಮ್ಮನ್ನ ಕೊಡು" ಎನ್ನುತ್ತಾ ತೊಟ್ಟಿಲ ಕೆಳಗಿನಿಂದ ಕಲ್ಲನ್ನು ಆ ಕಡೆಗೆ, ಕೂಸನ್ನು ಈ ಕಡೆಗೆ ದಾಟಿಸಿದರು. ಕೂಸು ತೊಟ್ಟಿಲೊಳಗೆ ಒಮ್ಮೆ ಆಕಳಿಸಿ ಕಣ್ಣು ಮುಚ್ಚಿತು.

ಅಲ್ಲಿಯವರೆಗೂ ಗೋಡೆಗೆ ಒರಗಿ ದೂರವೇ ನಿಂತಿದ್ದ ಮಾಲಿನಿ ಆಗ ಹತ್ತಿರ ಬಂದಳು. ತೊಟ್ಟಿಲ ಅಂಚನ್ನು ಅಂಗೈಯಿಂದ ಸವರಿದಳು.

"ಸುಟ್ಟಾಕು ಅಂದಿದ್ದೆ ಸಾರ್. ನೀವು ಜೋಪಾನವಾಗಿ ಇಟ್ಕೊಂಡಿದ್ರಿ," ಎಂದಳು. ಎರಡೂ ಕೈ ಜೋಡಿಸಿದಳು.

ಒಂದು ಅಡಕತ್ತರಿಯ ಬಗ್ಗೆ ಒಂದು ಗಂಟೆ ಮಾತಾಡಬಲ್ಲ ಅನಂತರಾಜು ಸರಪಳಿ ಹಿಡಿದು ತೊಟ್ಟಿಲನ್ನು ಮೆಲ್ಲಗೆ ಒಂದು ಸಲ ತೂಗಿದ. ಇಷ್ಟು ವರ್ಷ ಈ ಗೋಡೌನಿನ ಧೂಳು ಹೊಡೆದದ್ದು ಸಾರ್ಥಕವಾಯಿತು ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು.

ಹೊರಡುವಾಗ ಕರಿಬಸಮ್ಮ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮತ್ತೆ ಮಲಗಿಸಿ, ಬಟ್ಟೆ ಹೊದಿಸಿದಳು. "ಇನ್ನೊಂದು ಕೂಸು ಬರೋಗಂಟ ಇವ್ನೇ ಇರ್ಲಿ. ಖಾಲಿ ಬಿಡ್ಬ್ಯಾಡ."

ಮಾರನೆಯ ಬೆಳಿಗ್ಗೆ ಬೀಗ ತೆಗೆಯುತ್ತಿದ್ದಂತೆಯೇ ಫೋನು ಬಂತು. ಕುಣಿಗಲ್ ಕಡೆಯ ಹೆಂಗಸು, ಹೆಸರು ಬಸವಲಿಂಗಮ್ಮ ಎಂದಳು. "ಸಾರ್, ಹೆಬ್ಬೂರಿನ ನೆಂಟ್ರು ಹೇಳಿದ್ರು. ಮುಂದಿನ ವಾರ ನಮ್ಮ ಮಗೀಗೆ ಹೆಸರಿಡ್ಬೇಕು. ನಿಮ್ಮ ತೊಟ್ಲು ಖಾಲಿ ಐತಾ?"

ಅನಂತರಾಜು ತಿರುಗಿ ನೋಡಿದ. ಕಲ್ಲಿನ ಮೇಲಿನ ಬಟ್ಟೆ ಒಂದು ಪಕ್ಕ ಜಾರಿತ್ತು. ಹೋಗಿ ಸರಿಯಾಗಿ ಹೊದಿಸಿದ.

"ಖಾಲಿ ಇಲ್ಲಮ್ಮ, ಗುಂಡಪ್ಪ ಮಲಗವ್ನೆ," ಎಂದ ಮೆಲುದನಿಯಲ್ಲಿ. "ನೀವು ಕೂಸ್ನ ಕರ್ಕೊಂಡು ಬನ್ನಿ. ಎಬ್ಬಿಸ್ತೀನಿ."